ನಾಲ್ಕರಲ್ಲಿ ಒಂದು

"ಮೇಷ್ಟ್ರಮ್ಮನೇ ಇದ್ದಾರಲ್ಲ, ಅವರನ್ನೇ ಕೇಳೋಣ," ಎನ್ನುತ್ತ ತಂಗಿಯ ಗಂಡ ನೀರಿನ ಲೋಟವನ್ನು ಪಕ್ಕಕ್ಕೆ ಸರಿಸಿ ಅವಳ ಕಡೆ ತಿರುಗಿ ಕೂತ. "ಅತ್ತಿಗೆ, ಡಾಕ್ಟರು ಏನಂದಿದ್ರು? ನಾಲ್ಕರಲ್ಲಿ ಒಂದು ಮಗುವಿಗೆ ಬರುತ್ತೆ ಅಂದಿದ್ರು. ಆ ಒಂದು ನಮಗೆ ಬಂದು ಹೋಯ್ತು. ಇನ್ನು ಉಳಿದ ಮೂರೂ ಗಟ್ಟಿ. ನಮಗೇನು ಮೂರು ಬೇಕಾಗಿಲ್ಲ, ಒಂದಿದ್ರೆ ಸಾಕು. ಲೆಕ್ಕ ಸರಿ ತಾನೆ?"

ಅವಳ ಬಾಯಲ್ಲಿ ತುತ್ತು ಇತ್ತು. ಅದನ್ನು ಬೇಕೆಂದೇ ನಿಧಾನವಾಗಿ ಅಗಿದಳು.

ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಬಸ್ಸಿನ ವೇಳೆಯಿಂದ ಹಿಡಿದು ಔಷಧಿಯ ಅಳತೆಯವರೆಗೆ ಆ ಮನೆಯಲ್ಲಿ ಏನೇ ಅನುಮಾನ ಬಂದರೂ ಅವಳ ಮಾತೇ ಕೊನೆಯ ಮಾತು. ತಂಗಿಯ ಗಂಡ ಸ್ಕೂಟರ್ ರಿಪೇರಿಯವನು; ತನ್ನ ಕೆಲಸದಲ್ಲಿ ಯಾರ ಮಾತನ್ನೂ ಕೇಳದವನು, ಲೆಕ್ಕದ ವಿಷಯದಲ್ಲಿ ಮಾತ್ರ ಅತ್ತಿಗೆ ಗೆರೆ ಎಳೆದರೆ ದಾಟುತ್ತಿರಲಿಲ್ಲ. ಈಗ ಅವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡಿತ್ತು. ತಂಗಿ ಮತ್ತೆ ಬಸುರಿ ಎನ್ನುವ ಸುದ್ದಿ ಹೇಳಲೆಂದೇ ಅವಳನ್ನು ಊಟಕ್ಕೆ ಕರೆದಿದ್ದ.

ತಂಗಿಯ ಮೊದಲ ಮಗು, ಎಲ್ಲರ ಬಾಯಲ್ಲಿ ಗುಂಡ. ಹುಟ್ಟುವಾಗ ಹೆಸರಿಗೆ ತಕ್ಕ ಹಾಗೆ ದುಂಡಗಿದ್ದ. ಆದರೆ ಕತ್ತು ನಿಲ್ಲಲೇ ಇಲ್ಲ. ತೊಡೆಯ ಮೇಲೆ ಕೂರಿಸಿದರೆ ಒದ್ದೆ ಬಟ್ಟೆಯ ಹಾಗೆ ಜಾರುತ್ತಿದ್ದ. ಕಣ್ಣು ಮಾತ್ರ ಚುರುಕು. ಅಪ್ಪ ಸ್ಪ್ಯಾನರ್ ಆಡಿಸಿದ ಕಡೆಗೆಲ್ಲ ಹೊರಳುತ್ತಿದ್ದವು. ಕೈಕಾಲಿನ ಬಲ ಹೋಗಿ, ನುಂಗುವ ಬಲ ಹೋಗಿ, ಕೊನೆಗೆ ಉಸಿರೆಳೆಯುವುದಕ್ಕೂ ಮಗುವಿಗೆ ಕಸುವು ಉಳಿಯಲಿಲ್ಲ. ಅಪ್ಪನಲ್ಲೂ ಅಮ್ಮನಲ್ಲೂ ಒಂದೊಂದು ಕೆಟ್ಟ ಅಂಶ ಅಡಗಿ ಕೂತಿದೆ, ಎರಡೂ ಒಂದೇ ಮಗುವಿಗೆ ಬಂದರೆ ಹೀಗಾಗುತ್ತದೆ ಎಂದು ಡಾಕ್ಟರು ತಿಳಿಸಿದ್ದರು. 'ನಾಲ್ಕರಲ್ಲಿ ಒಂದು' ಎನ್ನುವ ಮಾತು ಆಗ ಆ ಮನೆಗೆ ಬಂದದ್ದು.

"ಹೇಳಿ ಅತ್ತಿಗೆ."

ಅವಳು ತಲೆಯಾಡಿಸಿದಳು. ಆಡಿಸಿದ್ದು ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ. ಅವನಿಗೆ ಹೌದೆಂದೇ ಕಂಡಿತು. "ನೋಡಿದೆಯಾ?" ಎಂದು ಹೆಂಡತಿಯ ತಟ್ಟೆಗೆ ಇನ್ನೊಂದು ಸೌಟು ಬಡಿಸಿದ. ತಂಗಿ ತಟ್ಟೆಯಿಂದ ಕಣ್ಣೆತ್ತಲಿಲ್ಲ.

ಆ ವಾರ ತರಗತಿಯಲ್ಲಿ ಸಂಭವನೀಯತೆಯ ಪಾಠ ನಡೆದಿತ್ತು. ಎರಡು ನಾಣ್ಯ ಚಿಮ್ಮಿದರೆ ಏನೇನು ಬೀಳಬಹುದು ಎಂದು ಕೇಳಿದರೆ ಅರ್ಧ ತರಗತಿ ಮೂರೇ ಅಂದಿತು: ಎರಡೂ ಶಿರ, ಎರಡೂ ಪುಚ್ಛ, ಒಂದೊಂದು. ಆ 'ಒಂದೊಂದು' ಎನ್ನುವುದು ಎರಡು ಬೇರೆ ಬೇರೆ ದಾರಿಯಲ್ಲಿ ಬರುತ್ತದೆ, ಒಟ್ಟು ನಾಲ್ಕು ಎಂದು ತೋರಿಸುವಷ್ಟರಲ್ಲಿ ಅವಳ ಗಂಟಲು ಒಣಗಿತು. ಆಮೇಲೆ ಒಂದೇ ನಾಣ್ಯವನ್ನು ಉದ್ದ ಜಡೆಯ ಹುಡುಗಿಯೊಬ್ಬಳ ಕೈಗೆ ಕೊಟ್ಟು ಚಿಮ್ಮಿಸಿದಳು. ಮೇಲಿಂದ ಮೇಲೆ ಶಿರವೇ ಬಿತ್ತು. ತರಗತಿಗೆ ಹುರುಪು ಬಂತು. "ಈ ಸಲ ಪುಚ್ಛ ಬರಲೇಬೇಕು ಮೇಡಂ!" ಎಂದು ಹಿಂದಿನ ಬೆಂಚಿನವರೆಲ್ಲ ಎದ್ದು ನಿಂತರು.

"ಯಾಕೆ ಬರಲೇಬೇಕು? ಹಿಂದೆ ಏನು ಬಿತ್ತು ಅಂತ ನಾಣ್ಯ ನೆನಪಿಟ್ಕೊಂಡು ಕೂತಿದೆಯಾ?"

ಮಕ್ಕಳು ನಕ್ಕರು.

"ಅದಕ್ಕೆ ಪ್ರತಿ ಸಲವೂ ಮೊದಲನೇ ಸಲವೇ," ಎಂದಳು. ಅಂದವಳು ಹಲಗೆಯ ಕಡೆ ತಿರುಗಿ, ಬರೆಯುವುದಕ್ಕೆ ಏನೂ ಇಲ್ಲದಿದ್ದರೂ ಸೀಮೆಸುಣ್ಣ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಳು. ಗಂಟೆ ಹೊಡೆದ ಮೇಲೆ ಮನೆಗೆ ಹೋಗದೆ ನೇರ ತಂಗಿಯ ಮನೆಗೆ ಹೋದಳು.

ತಂಗಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಅವಳು ಹೊದಿಕೆಯ ಇನ್ನೊಂದು ತುದಿ ಹಿಡಿದಳು.

"ಆವತ್ತು ಅವರು ಕೇಳಿದ್ರಲ್ಲ, ಅದು ಸರಿ ಅಲ್ಲ ಕಣೇ."

"ಗೊತ್ತು."

"ಏನು ಗೊತ್ತು?"

"ನಿನ್ನ ಕೈಲೇ ಅಲ್ವಾ ನಾನು ಲೆಕ್ಕ ಕಲಿತಿದ್ದು, ಕಿವಿ ಹಿಂಡಿಸಿಕೊಂಡು?" ತಂಗಿ ಹೊದಿಕೆಯನ್ನು ತಿರುಚುತ್ತಲೇ ಇದ್ದಳು. "ಪ್ರತಿ ಸಲವೂ ನಾಲ್ಕರಲ್ಲಿ ಒಂದೇ. ಡಾಕ್ಟರೂ ಬಿಡಿಸಿ ಹೇಳಿದ್ರು. ಅವರ ಕಿವಿಗೆ ಅದು ಬೀಳಲಿಲ್ಲ ಅಷ್ಟೆ."

"ಗೊತ್ತಿದ್ದೂ ಸುಮ್ಮನಿದ್ದೆಯಾ?"

"ಇನ್ನೇನು ಮಾಡ್ಬೇಕಿತ್ತು? ಗುಂಡ ಹೋದ ಮೇಲೆ ಅವರು ಅಂಗಡಿ ಬಾಗಿಲೇ ತೆಗೀಲಿಲ್ಲ. ಬಡಿಸಿದ್ರೆ ತಿನ್ನೋರು, ಇಲ್ಲದಿದ್ರೆ ಇಲ್ಲ. ಒಂದಿನ ಬೆಳಿಗ್ಗೆ ಈ ಲೆಕ್ಕ ಹಿಡ್ಕೊಂಡು ಎದ್ದು ಕೂತ್ರು. ಗಡ್ಡ ಬೋಳಿಸಿದ್ರು. ಅದನ್ನ ಕಿತ್ಕೋಬೇಕಿತ್ತಾ ನಾನು?"

ಅವಳು ತನ್ನ ತುದಿಯನ್ನು ಇನ್ನೊಂದು ಸುತ್ತು ತಿರುಚಿದಳು. ಹೊಟ್ಟೆಯಲ್ಲಿರುವಾಗಲೇ ತಿಳಿಯುವ ಪರೀಕ್ಷೆ ಇದೆಯಲ್ಲ, ಮಾಡಿಸಿದೆಯಾ ಎಂದು ಕೇಳಿದಳು.

"ಮಾಡಿಸ್ಬೇಕು ಅಂದ್ರೆ ಯಾಕೆ ಅಂತ ಅವರಿಗೆ ಹೇಳ್ಬೇಕಲ್ಲ."

"ನಾನು ಹೇಳ್ತೀನಿ."

"ಅದೇ ಭಯ ಅಕ್ಕ. ನಾನು ಹೇಳಿದ್ರೆ ಜಗಳ ಆಡ್ತಾರೆ. ನೀನು ಹೇಳಿದ್ರೆ ನಂಬಿಬಿಡ್ತಾರೆ."

ಇಬ್ಬರೂ ಸೇರಿ ಹೊದಿಕೆಯನ್ನು ಹಗ್ಗಕ್ಕೆ ಹಾಕಿದರು. "ತಡ ಮಾಡಿದ್ರೆ ಪರೀಕ್ಷೆಗೂ ಸಮಯ ಮೀರುತ್ತೆ," ಎಂದು ಅವಳು ಹೇಳಿದಳು. ತಂಗಿ ಹೊದಿಕೆಯ ಆಚೆ ಬದಿಯಲ್ಲಿ ನಿಂತಿದ್ದಳು, ಮುಖ ಕಾಣಲಿಲ್ಲ. ಆಚೆಯಿಂದಲೇ "ಕಳಿಸ್ತೀನಿ ಅವರನ್ನ," ಎಂಬ ಮಾತು ಬಂತು.

ಅವನು ಬಂದದ್ದು ಶಾಲೆಗೆ, ಮಕ್ಕಳೆಲ್ಲ ಹೋದ ಮೇಲೆ. ಅಂಗಡಿಯಿಂದ ನೇರ ಬಂದಿದ್ದ. ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. ಮುಂದಿನ ಬೆಂಚಿನಲ್ಲಿ ತೂರಿಕೊಂಡು ಕೂತರೆ ಮೊಣಕಾಲು ಹಿಡಿಸದೆ ಒಂದು ಕಾಲನ್ನು ಹೊರಗೆ ಚಾಚಿದ. "ಪರೀಕ್ಷೆ ಮಾಡಿಸ್ಬೇಕಂತೆ. ಯಾಕೆ ಅಂದ್ರೆ ಅತ್ತಿಗೇನ ಕೇಳಿ ಅಂದ್ಲು. ಮಕ್ಕಳಿಗೆ ಹೇಳಿಕೊಡೋ ಹಾಗೇ ಹೇಳಿಬಿಡಿ. ಬೈದ್ರೂ ಪರವಾಗಿಲ್ಲ."

ಅವಳು ಹಲಗೆಯ ಮೇಲೆ ನಾಲ್ಕು ಮನೆಯ ಚೌಕ ಎಳೆದಳು. ಮೇಲೆ ಅವನ ಎರಡು ಅಂಶ, ಒಳ್ಳೆಯದೊಂದು ಕೆಟ್ಟದ್ದೊಂದು; ಪಕ್ಕದಲ್ಲಿ ಹಾಗೆಯೇ ತಂಗಿಯ ಎರಡು. ಅವನು ಹುಬ್ಬು ಗಂಟಿಕ್ಕಿ ನೋಡಿದ.

"ಅಂದ್ರೆ ಎರಡು ಡಬ್ಬಿ ಇದೆ ಅನ್ನಿ. ಒಂದೊಂದರಲ್ಲಿ ಒಂದು ಹೊಸ ಬೇರಿಂಗು, ಒಂದು ಸವೆದಿದ್ದು. ಕಣ್ಣು ಮುಚ್ಚಿ ಇದರಿಂದ ಒಂದು, ಅದರಿಂದ ಒಂದು ತೆಗೀತೀವಿ. ಎರಡೂ ಸವೆದಿದ್ದೇ ಬಂದ್ರೆ ಗಾಡಿ ನಿಂತು ಹೋಗುತ್ತೆ."

"ಹೌದು. ಸರಿಯಾಗಿ ಹೇಳಿದ್ರಿ."

"ನಮ್ಮದು ಸವೆದ ಎರಡೂ ಹೊರಗೆ ಬಂದು ಹೋಯ್ತಲ್ಲ. ಡಬ್ಬಿಯಲ್ಲಿ ಉಳಿದಿದ್ದು ಹೊಸದೇ ತಾನೆ?"

ಈ ತಪ್ಪು ಎಲ್ಲಿದೆ ಎಂದು ಅವಳಿಗೆ ಆಗ ಕಂಡಿತು. ಪ್ರತಿ ವರ್ಷ ಯಾವುದೋ ಒಂದು ಮಗು ಎಡವುವ ಜಾಗವೇ ಅದು. "ತೆಗೆದಿದ್ದು ಹೊರಗೆ ಉಳಿಯೋದಿಲ್ಲ," ಎಂದಳು. ದನಿ ತರಗತಿಯಲ್ಲಿ ಇರುವಷ್ಟೇ ಸ್ಪಷ್ಟವಾಗಿತ್ತು, ಅದು ಅವಳಿಗೆ ಹಿಡಿಸಲಿಲ್ಲ. "ಪ್ರತಿ ಸಲ ಡಬ್ಬಿ ಮೊದಲಿನ ಹಾಗೇ ತುಂಬಿರುತ್ತೆ. ಒಂದು ಹೊಸದು, ಒಂದು ಸವೆದಿದ್ದು. ನಿಮ್ಮದರಲ್ಲೂ ಅವಳದರಲ್ಲೂ."

ಅವನು ಹಲಗೆಯನ್ನೇ ನೋಡುತ್ತಿದ್ದ. ಹೊರಗೆ ಜವಾನ ಒಂದೊಂದೇ ಕೋಣೆಯ ಕಿಟಕಿ ಹಾಕಿಕೊಂಡು ಬರುತ್ತಿದ್ದ ಸದ್ದು ಕೇಳುತ್ತಿತ್ತು.

"ಹಾಗಾದ್ರೆ ಗುಂಡ ಲೆಕ್ಕಕ್ಕೇ ಇಲ್ಲ."

"ಹಾಗಲ್ಲ..."

"ಅವನು ತನ್ನ ಹಿಂದೆ ಬರೋರದ್ದನ್ನೂ ತಾನೇ ಹೊತ್ಕೊಂಡು ಹೋದ ಅಂತ ಇದ್ದೆ ಅತ್ತಿಗೆ. ಅಣ್ಣ ಅಲ್ವಾ. ಅಷ್ಟು ಕಷ್ಟಪಟ್ಟಿದ್ದಕ್ಕೆ ಅದೊಂದು ಆಯ್ತು ಅಂತ." ಬೆರಳುಗಳಿಂದ ಮೂಗು ಒರೆಸಿಕೊಂಡ, ಗ್ರೀಸು ಮೇಲ್ದುಟಿಗೆ ಹತ್ತಿತು. "ಸುಮ್ನೆ ಹೋದ."

ಅವಳು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. ಅವನೇ ಬೆಂಚಿನಿಂದ ಕಷ್ಟಪಟ್ಟು ಎದ್ದು, ಡಸ್ಟರ್ ತೆಗೆದುಕೊಂಡು ಹಲಗೆ ಒರೆಸಿದ. ಒಂದು ಗೆರೆಯೂ ಉಳಿಯದ ಹಾಗೆ, ಮೂಲೆಮೂಲೆಯವರೆಗೆ. "ನಾಳೇನೇ ಕರ್ಕೊಂಡು ಹೋಗ್ತೀನಿ," ಎಂದ.

ಪರೀಕ್ಷೆಯ ಫಲ ಬರುವವರೆಗೆ ಅವಳು ತನಗೆ ತಾನೇ ಇನ್ನೊಂದು ಲೆಕ್ಕ ಹೇಳಿಕೊಳ್ಳುತ್ತಿದ್ದಳು. ನಾಲ್ಕರಲ್ಲಿ ಮೂರು. ಮುಕ್ಕಾಲು ಪಾಲು. ಇಷ್ಟು ಭರವಸೆ ಇದ್ದರೆ ಜನ ಎಂಥೆಂಥ ಕೆಲಸಕ್ಕೋ ಕೈ ಹಾಕುತ್ತಾರೆ ಎಂದುಕೊಳ್ಳುವಳು, ಮರುಗಳಿಗೆಯೇ ಮತ್ತೆ ಉಳಿದ ಆ ಒಂದಕ್ಕೇ ಬಂದು ನಿಲ್ಲುವಳು. ಮಧ್ಯಾಹ್ನ ಸಿಬ್ಬಂದಿ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಫೋನು ಬಂತು. ತಂಗಿ "ಅಕ್ಕಾ" ಎಂದಳು. "ಇದಕ್ಕೂ ಅದೇ."

ಗಂಡ ಹೆಂಡತಿ ಇಬ್ಬರೇ ಕೂತು ತೀರ್ಮಾನ ಮಾಡಿದರು. ಅವಳನ್ನು ಕೇಳಲಿಲ್ಲ. ಗುಂಡ ಪಟ್ಟ ಪಾಡನ್ನು ಇನ್ನೊಂದು ಜೀವ ಪಡುವುದು ಬೇಡ ಎಂದಷ್ಟೇ ಅವನು ಆಮೇಲೆ ತಿಳಿಸಿದ.

ಆಸ್ಪತ್ರೆಯಲ್ಲಿ ಬೇರೆ ಕಡೆ ಮಂಚ ಖಾಲಿ ಇಲ್ಲವೆಂದು ತಂಗಿಯನ್ನು ಬಾಣಂತಿಯರ ಕೋಣೆಯಲ್ಲೇ ಮಲಗಿಸಿದ್ದರು. ಅವಳು ಹೋದಾಗ ಎಲ್ಲ ಮುಗಿದಿತ್ತು. ತಂಗಿ ಗೋಡೆ ಕಡೆ ತಿರುಗಿದ್ದಳು. ಅವಳು ಮಂಚದ ಅಂಚಿನಲ್ಲಿ ಕೂತು ಬೆನ್ನ ಮೇಲೆ ಕೈ ಇಟ್ಟಳು.

"ನೀನು ಆವತ್ತು ಬಾರದೇ ಇದ್ದಿದ್ರೆ," ಎಂದಳು ತಂಗಿ, "ಇನ್ನೂ ಸ್ವಲ್ಪ ದಿನ..."

"ಹ್ಞೂಂ."

"ಬಂದಿದ್ದು ಸರಿ ಅಂತ ಗೊತ್ತು. ಗೊತ್ತಿದ್ದು ಏನು ಮಾಡ್ಲಿ." ಬೆನ್ನು ಕೈಯಡಿಯಲ್ಲಿ ಬಿಗಿಯಾಯಿತು. ಕೈ ತೆಗೆ ಅನ್ನಲಿಲ್ಲ.

ಪಕ್ಕದ ಮಂಚದ ಹೆಂಗಸು ಮಗುವನ್ನು ಮಲಗಿಸಲು ಕಬ್ಬಿಣದ ತೊಟ್ಟಿಲನ್ನು ಹಿಂದೆ ಮುಂದೆ ತಳ್ಳುತ್ತಿದ್ದಳು. ಅದರ ಒಂದು ಚಕ್ರ ಪ್ರತಿ ಸಲವೂ ಕಿರ್ರೆನ್ನುತ್ತಿತ್ತು. ಆ ಸದ್ದಿಗೆ ಮಗು ಬೆಚ್ಚಿ ಅಳುತ್ತಿತ್ತು. ತಂಗಿ ದಿಂಬಿನ ತುದಿಯನ್ನು ಕಿವಿಯ ಮೇಲೆ ಎಳೆದುಕೊಂಡಳು. ಬಾಗಿಲ ಹತ್ತಿರ ನಿಂತಿದ್ದ ತಂಗಿಯ ಗಂಡ ಒಳಗೆ ಬಂದ. "ಒಂದ್ನಿಮಿಷ ಬಿಡಿ ತಾಯಿ," ಎಂದು ಆ ಹೆಂಗಸಿಗೆ ಹೇಳಿ ನೆಲದ ಮೇಲೆ ಮಂಡಿಯೂರಿದ. ತೊಟ್ಟಿಲನ್ನು ಒಂದು ಕೈಯಲ್ಲಿ ತುಸುವೇ ಎತ್ತಿ ಹಿಡಿದು, ಚಕ್ರಕ್ಕೆ ಸುತ್ತಿಕೊಂಡಿದ್ದ ನೂಲನ್ನು ಎಳೆಎಳೆಯಾಗಿ ಬಿಡಿಸಿದ. ಸಡಿಲವಾಗಿದ್ದ ನಟ್ಟನ್ನು ಬೆರಳಲ್ಲೇ ತಿರುಗಿಸಿ ಬಿಗಿ ಮಾಡಿದ.

ಆಮೇಲೆ ಮೆಲ್ಲಗೆ ಮುಂದಕ್ಕೆ ತಳ್ಳಿ, ಹಿಂದಕ್ಕೆ ಎಳೆದು ನೋಡಿದ. ಸದ್ದಿರಲಿಲ್ಲ. ಮಗು ಕಣ್ಣು ಮುಚ್ಚಿತು. ಅವನು ಮಂಡಿಯ ಮೇಲೇ ಕೂತು, ಹೆಂಗಸು ಸಾಕು ಎನ್ನುವವರೆಗೂ ತೊಟ್ಟಿಲು ತೂಗುತ್ತಲೇ ಇದ್ದ.