ಗಿಣಿ ಮಾರ್ಕಿನ ಹೆಪ್ಪು

ಹೇಮಾವತಿಯಲ್ಲಿ ಮೊಣಕಾಲುದ್ದ ನೀರಿಗಿಳಿದು ತಮ್ಮಯ್ಯ ಜಾಡಿಯನ್ನು ಬೋರಲು ಹಿಡಿದ. ಅಂಟಂಟಾದ ಕರಿ ಸೊಪ್ಪು ತಾನಾಗಿ ಬೀಳಲಿಲ್ಲ. ಕೈ ಹಾಕಿ ಕೆರೆದು ಕೆರೆದು ಬಿಟ್ಟ. ಆಮೇಲೆ ಮರಳು ಹಾಕಿ ಜಾಡಿಯನ್ನು ತಿಕ್ಕಿ ತೊಳೆದ, ಹಬ್ಬಕ್ಕೆ ಪಾತ್ರೆ ಬೆಳಗುವವರ ಹಾಗೆ.

"ಅದೇನಣ್ಣ, ಬೆಳಬೆಳಗ್ಗೇನೆ ಒಳೇಗೆ ಬುಡ್ತಿದ್ದೀಯ?" ಎಂದಳು ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಮಲ್ಲಿಗಮ್ಮ.

"ಏನಿಲ್ಲ ಕಣಮ್ಮಿ. ಅಳಸೋಗಿತ್ತು."

ಹಳಸುವ ವಸ್ತುವೇ ಅಲ್ಲ ಅದು. ಹೊಳೆನರಸೀಪುರದ ಗಿಣಿ ಮಾರ್ಕು ಚಿಲುಮೆ ತಂಬಾಕಿನ ಹೆಪ್ಪು. ಕೊಚ್ಚಿದ ಹೊಗೆಸೊಪ್ಪಿಗೆ ಬೆಲ್ಲದ ಪಾಕ, ಕಳಿತ ಬಾಳೆಹಣ್ಣು ಸೇರಿಸಿ ಕಲಸಿದರೆ ಸಾಲದು. ಹಾಲಿಗೆ ಹೆಪ್ಪು ಹಾಕುವ ಹಾಗೆ ಹಿಂದಿನ ಸಲದ್ದು ಒಂದು ಹಿಡಿ ಬೀಳಬೇಕು. ಯಜಮಾನಿ ಕಾಮಾಕ್ಷಮ್ಮನವರ ಮಾವನ ಕಾಲದಿಂದ ಆ ಒಂದು ಹಿಡಿ ತಪ್ಪಿರಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಅದನ್ನು ಹಾಕುವ ಕೈ ತಮ್ಮಯ್ಯನದು. ಅವನು ಕಲಸಿದ್ದನ್ನು ಊರ ಗೌಡರೆಲ್ಲ ಚಿಲುಮೆಗೆ ತುಂಬಿ ಸೇದುತ್ತಿದ್ದರು. ಅದಕ್ಕೆ ಮೈಲಿಗೆ ಇರಲಿಲ್ಲ ನೋಡಿ; ಮೈಲಿಗೆಯೆಲ್ಲ ಅವನು ಜಗಲಿ ಹತ್ತಿದರೆ ಮಾತ್ರ.

ಆದರೂ ಆ ಕೈಯ ಬಗ್ಗೆ ಅವನಿಗೆ ಜಂಬವಿತ್ತು. ಆ ಜಂಬವೇ ಒಂದು ವಾರದಿಂದ ಅವನಿಗೆ ನಿದ್ದೆ ಕೊಟ್ಟಿರಲಿಲ್ಲ. ಮೈಸೂರಿನ ಕಂಪನಿಯೊಂದು ಹೋದ ವರ್ಷ ಅರಕಲಗೂಡಿನವರ ತಂಬಾಕಿನ ವ್ಯಾಪಾರವನ್ನು ಕೊಂಡಿತ್ತು, ಈ ಯುಗಾದಿಯ ಹೊತ್ತಿಗೆ ಚನ್ನರಾಯಪಟ್ಟಣದವರದ್ದನ್ನು. ಅರಕಲಗೂಡಿನಲ್ಲಿ ಕಲಸುತ್ತಿದ್ದ ಕೆಂಚಯ್ಯನ ಮುಂದೆ ಮೂರು ದಿನ ಕೂತು, ಎಷ್ಟು ಹಿಡಿ, ಎಷ್ಟು ಬೊಗಸೆ ಎಂದು ಬರೆದುಕೊಂಡು, ನಾಲ್ಕನೆಯ ದಿನ ಅವನನ್ನು ಮನೆಗೆ ಕಳಿಸಿದ್ದರು. ಇವತ್ತು ಅವರು ಇಲ್ಲಿಗೆ ಬರುವವರಿದ್ದರು. ಗಂಡ ಚನ್ನಪ್ಪನವರು ತೀರಿಕೊಂಡ ಮೇಲೆ, ಊರ ಹುಡುಗರೆಲ್ಲ ಚಿಲುಮೆ ಬಿಟ್ಟು ಬೀಡಿಗೆ ಬಿದ್ದ ಮೇಲೆ, ಕಾಮಾಕ್ಷಮ್ಮನವರಿಗೂ ಸಾಕಾಗಿತ್ತು.

"ಒಂದಿಡಿ ಟವಲಲ್ಲಿ ಕಟ್ಕಂಡ್ ಬಾ. ನಾವೇ ಮಾಡ್ಕಂಡು ಸಂತೇಲಿ ಮಾರುಮ" ಎಂದಿದ್ದಳು ಹೆಂಡತಿ ಮಾದಮ್ಮ.

"ಈ ವಯಸ್ನಲ್ಲಿ ಕಳ್ಳ ಅನ್ನಿಸ್ಕಬೇಕಾ ನಾನು?" ಎಂದು ಹಾರಿಬಿದ್ದಿದ್ದ.

ಮನೆಗೊಯ್ದರೆ ಕಳ್ಳತನ. ಕಂಪನಿಗೆ ಕೊಟ್ಟರೆ ಕೆಂಚಯ್ಯನ ಪಾಡು. ಹೊಳೆಗೆ ಬಿಟ್ಟರೆ ಯಾರ ಪಾಲೂ ಅಲ್ಲ. ಹೀಗಿತ್ತು ಅವನ ಲೆಕ್ಕ. ಸಿಟ್ಟು ಬಂದವನ ಲೆಕ್ಕ ಇನ್ನು ಹೇಗಿರುತ್ತದೆ?

ಹತ್ತು ಗಂಟೆಗೆ ಜೀಪು ಬಂತು. ತಮ್ಮಯ್ಯ ಅಂಗಳದಲ್ಲಿ ನಿಂತ, ಕೂತ, ಮತ್ತೆ ಎದ್ದ. ಏನು ಕೇಳಿದರೆ ಏನು ಹೇಳಬೇಕೆಂದು ಎಲ್ಲ ಕಲಿತಿಟ್ಟುಕೊಂಡಿದ್ದ. ಕೋಟಿನ ಸಾಹೇಬರು ತಂಬಾಕಿನ ಕೊಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಜಗಲಿಯಲ್ಲಿ ಕೂತು ಪತ್ರಕ್ಕೆ ರುಜು ಮಾಡಿಸಿ, ಗಿಣಿಯ ಚಿತ್ರದ ಚೀಟಿಗಳನ್ನೂ ಅವುಗಳ ಅಚ್ಚನ್ನೂ ಚೀಲಕ್ಕೆ ಹಾಕಿಕೊಂಡರು.

ತಮ್ಮಯ್ಯನಿಗೆ ತಡೆಯಲಾಗಲಿಲ್ಲ. "ಕಲ್ಸೋದ ನೋಡಾಕಿಲ್ವಾ ಸಾ?"

"ಬೇಡಪ್ಪ. ಅರಕಲಗೂಡಿನ ಹದವೇ ಮೂರೂರಿಗೂ ಸಾಕು, ಸರಕೆಲ್ಲ ಮೈಸೂರಿಂದಲೇ ಬರುತ್ತೆ. ನಮಗೆ ಬೇಕಾಗಿದ್ದು ಗಿಣಿ."

ಜೀಪು ಹೋಯಿತು. ಅವನ ಬಾಯಲ್ಲಿ ಕಲಿತಿಟ್ಟ ಮಾತೆಲ್ಲ ಹಾಗೇ ಉಳಿಯಿತು.

"ಮೊಕ ಯಾಕಂಗೆ ಮಾಡ್ಕಂಡಿದ್ದೀಯ? ಬಾ ಇಲ್ಲಿ" ಎಂದರು ಕಾಮಾಕ್ಷಮ್ಮ. "ಅವ್ರಿಗೆ ಗಿಣಿ ಓಯ್ತು, ಅಷ್ಟೇಯ. ಎಪ್ಪೂ ಕೊಟ್ಟಿಗೇನೂ ನಿಂಗೇಂತ ಪತ್ರದಲ್ಲಿ ಬರ್ಸಿವ್ನಿ. ಅದುಕ್ಕೇ ಅವ್ರ್ ಪತ್ರಾನ ಎರಡು ಸಲ ವಾಪಸ್ ಕಳ್ಸಿದ್ದು. ಬ್ಯಾರೆ ಎಸ್ರಿಟ್ಕಂಡು ಮಾಡ್ಕ, ಯಾರೂ ಕೇಳಂಗಿಲ್ಲ."

ತಮ್ಮಯ್ಯ ಕೊಟ್ಟಿಗೆಯ ಕಡೆ ತಿರುಗಿ ನೋಡಿದ. "ಮದ್ಲೇ ಒಂದು ಮಾತು ಯೋಳ್ಬಾರ್ದಾಗಿತ್ತಾ ಅವ್ವಾರೆ?"

"ಎಂಗ್ ಯೋಳ್ಲಿ? ನಮ್ ಮೈದ್ನ ನಂಜಪ್ಪನ ಕಿವಿಗೆ ಬಿದ್ದಿದ್ರೆ ರುಜು ಮಾಡಾಕೆ ಬುಡ್ತಿದ್ನಾ?" ಅವರು ನಕ್ಕರು. ಗಂಡ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ತಮ್ಮಯ್ಯ ನೋಡಿರಲಿಲ್ಲ. "ಓಗು, ಜಾಡಿ ತತ್ತಾ. ಅದು ಈ ಮನೆ ಬುಟ್ಟೋಗೋ ಮುಂಚೆ ಒಂದ್ಸಲ ಮೂಸ್ತೀನಿ."

ಕೊಟ್ಟಿಗೆಯ ಕಲ್ಲಿನ ಮೇಲೆ ಜಾಡಿ ಬೋರಲಾಗಿ ಒಣಗುತ್ತಿತ್ತು. ಕೈಜಾರಿ ಒಡೆಯಿತು ಎಂದುಬಿಡಲೇ ಎನಿಸಿತು. ಎತ್ತಿಯೂ ಎತ್ತಿದ. ಕೈ ಬಿಡಲು ಮನಸ್ಸಾಗಲಿಲ್ಲ. ಮುಚ್ಚಳ ಮುಚ್ಚಿ, ಎರಡು ಕೈಯಲ್ಲಿ ಹಿಡಿದು ತಂದ.

ಎಂದಿನಂತೆ ಜಗಲಿಯ ಅಂಚಿನಲ್ಲಿಟ್ಟು ಹಿಂದೆ ಸರಿಯಲು ಬಗ್ಗಿದ. ಕಾಮಾಕ್ಷಮ್ಮ ಇಡಗೊಡಲಿಲ್ಲ, ಅವನ ಕೈಯಿಂದಲೇ ಈಸಿಕೊಂಡರು. ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಜಾಡಿಯ ಬಾಯಿಗೆ ಮುಖವೊಡ್ಡಿ ಉಸಿರೆಳೆದುಕೊಂಡರು. ಇನ್ನೊಂದು ಸಲ ಎಳೆದುಕೊಂಡರು.

ತಮ್ಮಯ್ಯ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಉಗುರಿನ ಸಂದಿಯಲ್ಲಿ ಕರಿ ಸೊಪ್ಪು ಇನ್ನೂ ಅಂಟಿಕೊಂಡಿತ್ತು.