ಬೆಳ್ಳಿ ಬಣ್ಣದ ಮೂಲಪುರುಷ

ನೀಲಮ ಗಡಿಭಾಗದ ಇತಿಹಾಸ ಸಂಘಕ್ಕೆ ಸೇರಿದ್ದು ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ, ಅದರ ಅಧ್ಯಕ್ಷ ದಾದಾಸಾಹೇಬರ ಮೇಲಿನ ಸಿಟ್ಟಿನಿಂದ.

ಸಿಟ್ಟು ಹಳೆಯದು. ಬೇಡಕಿಹಾಳದಲ್ಲಿ ಅವಳ ಕೇರಿಯ ಅಂಚಿಗೆ ಒಂದು ವೀರಗಲ್ಲಿತ್ತು. ದಾದಾಸಾಹೇಬರ ಅಪ್ಪ ಅದನ್ನು ಬಂಡಿಗೆ ಹೇರಿಸಿಕೊಂಡು ಹೋಗಿ ನಿಪ್ಪಾಣಿಯ ತಮ್ಮ ವಾಡೆಯ ಅಂಗಳದಲ್ಲಿ ನೆಟ್ಟರು. ಕಲ್ಲಿನಲ್ಲಿದ್ದವನು ರಾತ್ರೋರಾತ್ರಿ ಅವರ ವಂಶದ ಮೂಲಪುರುಷನಾದ. ದಸರೆಗೊಮ್ಮೆ ಅವನಿಗೆ ಬೆಳ್ಳಿ ಬಣ್ಣದ ಪೇಂಟು. ಪದರದ ಮೇಲೆ ಪದರ ಕೂತು ಪಾಪ, ವೀರ ಕಡುಬಿನಂತೆ ಊದಿಕೊಂಡಿದ್ದ. ಸೊಂಟದ ಬಳಿಯ ದುಂಡನೆಯದು ಗುರಾಣಿ, ಕೈಯಲ್ಲಿರುವುದು ಕತ್ತಿ ಎಂದು ದಾದಾಸಾಹೇಬರು ಬಂದವರಿಗೆಲ್ಲ ಮೀಸೆ ತಿರುವಿ ಹೇಳುತ್ತಿದ್ದರು.

ನೀಲಮಳ ಅಪ್ಪ ರಾಜಾರಾಮ ಒಮ್ಮೆ ಸಂಘದ ಸಭೆಗೆ ಹೋಗಿ, "ಆ ಕಲ್ಲ ನಮ್ಮ ಕೇರೀದ್ರಿ. ದರೋಡೆಕೋರರು ಬಂದಾಗ ಹಲಗಿ ಬಾರ್ಸಿ ಊರ ಎಬ್ಬಿಸಿ ಸತ್ತಾಂವ ಅಂವ. ಸಣ್ಣಾಂವಿದ್ದಾಗ ನಾನ ಎಣ್ಣಿ ಹಚ್ಚೀನ್ರಿ" ಎಂದಿದ್ದ.

"ನಿಮಗ್ಯಾವ ಇತಿಹಾಸಲೇ?" ಎಂದು ನಕ್ಕ ದಾದಾಸಾಹೇಬರು, ಬಾಗಿಲಲ್ಲಿ ಚಪ್ಪಲಿ ಬಿಡುವ ಕಡೆ ಕುರ್ಚಿ ಹಾಕಿಸಿ ಅವನನ್ನು ಕೂರಿಸಿದ್ದರು. ಅಪ್ಪನ ಪಕ್ಕದಲ್ಲಿ ನಿಂತಿದ್ದ ಪುಟ್ಟ ನೀಲಮ ಆ ನಗುವನ್ನು ಮರೆಯಲಿಲ್ಲ.

ಈಗ ಅವಳು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಚಿತ್ರಕಲೆಯ ಶಿಕ್ಷಕಿ. ಸಂಘಕ್ಕಾಗಿ ಮೈಮುರಿದು ದುಡಿದಳು. ಅಥಣಿ, ರಾಯಬಾಗ ತಿರುಗಿ ಹೊಸ ಸದಸ್ಯರನ್ನು ಕೂಡಿಸಿದಳು. "ನೀಲಮ ನನ್ನ ಮಗಳ ಇದ್ಹಂಗ" ಎಂದು ದಾದಾಸಾಹೇಬರು ಹೊಗಳಿದಾಗಲೆಲ್ಲ ಹಲ್ಲು ಕಚ್ಚಿಕೊಂಡು ನಕ್ಕಳು.

ರಾಜಾರಾಮನಿಗೆ ಇದು ಹಿಡಿಸಲಿಲ್ಲ. "ಬಿಡವಾ, ನಾವ ಹಲಗಿ ಬಿಟ್ಟು ಬುದ್ಧನ ಕಡೆ ಬಂದೀವಿ."

"ಹಲಗಿ ಬಿಟ್ಟೀವಪ್ಪಾ. ಸತ್ತಾಂವನ್ನ ಬಿಟ್ಟಿಲ್ಲ."

ದಾದಾಸಾಹೇಬರ ಅಮೃತ ಮಹೋತ್ಸವ ಬಂತು. "ಪೇಂಟ್ ತಗದು ಮೂಲಪುರುಷರ ಖರೇ ರೂಪ ಎಲ್ಲಾರಿಗೂ ತೋರ್ಸೂಣ್ರಿ. ಸಂಘದ ಕಾಣಿಕಿ" ಎಂದಳು ನೀಲಮ. ಅವರು ಉಬ್ಬಿಹೋದರು. ಕಾಗವಾಡದವರೆಗೂ ತಾವೇ ಫೋನು ಮಾಡಿ ಜನರನ್ನು ಕರೆದರು.

ಅಂಗಳ ತುಂಬಿತ್ತು. ನೀಲಮ ದ್ರಾವಣ ಬಳಿದು, ಪೇಂಟು ಉಬ್ಬಿದ ಮೇಲೆ ಬಿದಿರಿನ ಚಕ್ಕೆಯಿಂದ ಮೆಲ್ಲಗೆ ಎಬ್ಬಿಸತೊಡಗಿದಳು. ಮೊದಲು ಹೋದದ್ದು ಮೀಸೆ. ಅದು ಪೇಂಟರು ಬರೆದದ್ದು. ಆಮೇಲೆ ಕಂಡದ್ದು ಹೆಗಲಿನಿಂದ ಇಳಿದ ಪಟ್ಟಿ, ಪಟ್ಟಿಗೆ ತೂಗಿದ ಹಲಗೆವಾದ್ಯ, ಎರಡೂ ಕೈಗಳಲ್ಲಿ ಕೋಲು. ಕತ್ತಿಯ ಸುಳಿವೇ ಇಲ್ಲ.

ಸಂಘದ ಹಿರಿಯ ಬಾಹುಬಲಿ ಕನ್ನಡಕ ಏರಿಸಿ ನೋಡಿ, ಮೈಕಿನಲ್ಲೇ ಹೇಳಿಬಿಟ್ಟರು: "ರಾಜಾರಾಮ ಅಂದಿದ್ದು ಖರೇನ ಐತ್ರಿ. ಇದು ಹಲಗಿ. ಕಲ್ಲ ಬೇಡಕಿಹಾಳಕ್ಕ ಹೋಗ್ಬೇಕು." ಹಿಂದೆ ಯಾರೋ ಕಿಸಕ್ಕನೆ ನಕ್ಕರು. ದಾದಾಸಾಹೇಬರ ಮುಖ ಕಪ್ಪಿಟ್ಟಿತು.

"ನಿನಗ ಮೊದಲ ಗೊತ್ತಿತ್ತೇನವಾ?" ಎಂದರು ಮೆಲ್ಲಗೆ.

"ಗೊತ್ತಿತ್ರಿ. ಅದಕ್ಕ ಸಂಘ ಸೇರಿದ್ನಿ."

ಅಷ್ಟಕ್ಕೇ ಅವಳ ಹೊಟ್ಟೆ ತಣ್ಣಗಾಗಲಿಲ್ಲ. ಮಗಳ ಒತ್ತಾಯಕ್ಕೆ ಬಂದಿದ್ದ ರಾಜಾರಾಮ ಯಾವ ಗೊಡವೆಯೂ ಇಲ್ಲದೆ ಕಲ್ಲಿನ ಹಲಗೆಯನ್ನು ಬೆರಳಿನಿಂದ ಸವರುತ್ತ ನಿಂತಿದ್ದ. ನೀಲಮ ಒಂದು ಕುರ್ಚಿ ಎತ್ತಿಕೊಂಡು ಹೋಗಿ ವಾಡೆಯ ಬಾಗಿಲಲ್ಲಿ, ಚಪ್ಪಲಿಗಳ ನಡುವೆ ಇಟ್ಟಳು. ಸೆರಗಿನಿಂದ ಒರೆಸಿದಳು.

"ಬರ್ರಿ ಸಾಹೇಬರ. ಕುಂದರ್ರಿ."

ಯಾರಾದರೂ ಬೇಡವೆನ್ನುತ್ತಾರೇನೋ ಎಂದು ದಾದಾಸಾಹೇಬರು ಸುತ್ತ ನೋಡಿದರು. ಕೂತವರಲ್ಲಿ ಹೆಚ್ಚಿನವರು ಅವಳೇ ಕೂಡಿಸಿದ ಸದಸ್ಯರು.

ದಾದಾಸಾಹೇಬರು ಹೋಗಿ ಕೂತರು.