ಒಂದೇ ಬಾಯಿಯ ಚಿಪ್ಪು

ಆ ಊರಿನ ಮನೆಗಳನ್ನೆಲ್ಲ ಕಟ್ಟಿಸಿಕೊಟ್ಟವನು ಧಣಿ. ಗೋಡೆ ಗಟ್ಟಿ, ಸೂರು ಗಟ್ಟಿ. ಕಿಟಕಿಯಿಲ್ಲ, ಬಾಗಿಲು ಒಂದೇ. ಪುಕ್ಕಟೆ ಸಿಕ್ಕ ಮನೆಗೆ ಕಿಟಕಿಯನ್ನೂ ಕೇಳುವಷ್ಟು ನಾಚಿಕೆಗೆಟ್ಟವರು ಆ ಊರಿನಲ್ಲಿರಲಿಲ್ಲ. ಆಗಾಗ ಯಾವುದಾದರೊಂದು ಮನೆ ಖಾಲಿಯಾಗುತ್ತಿತ್ತು. ಮರುದಿನ ನೆರೆಯವರು ತಮ್ಮ ತಮ್ಮ ಬಾಗಿಲ ಮುಂದೆ ಕಸ ಗುಡಿಸುತ್ತಿದ್ದರು. ಹೋದವರು ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ.

ಸಂಕವ್ವನ ಮಗ ಬರಮಪ್ಪ ಕೇಳಿಬಿಟ್ಟ. "ಎದುರುಮನಿ ಗಂಗಣ್ಣ ಎಲ್ಲಿ?" ಎಂದು ನಡುಬೀದಿಯಲ್ಲಿ ನಿಂತು ಕೇಳಿದ. ಸಂಕವ್ವನಿಗೆ ಜೀವ ಬಾಯಿಗೆ ಬಂತು. ಅವಳಿಗಿದ್ದವನು ಅವನೊಬ್ಬನೇ. ಮಗನನ್ನು ಒಳಗೆ ಕೂಡಿಹಾಕಿ ಧಣಿಯ ಮನೆಗೆ ಓಡಿದಳು.

ಧಣಿ ತನ್ನ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯ ಮುಂದೆ ಕೂತಿದ್ದ. ತೊಟ್ಟಿಯ ತಳದ ಮರಳಿನಲ್ಲಿ ಬಸವನಹುಳುವಿನ ಖಾಲಿ ಚಿಪ್ಪುಗಳು. ಒಂದೊಂದರಲ್ಲೂ ಬೆರಳ ಗೆಣ್ಣಿನಷ್ಟು ಪುಟ್ಟ ಮೀನಿನ ಸಂಸಾರ. ಮೀನುಗಳು ಬಾಯಲ್ಲಿ ಮರಳು ಕಚ್ಚಿ ಸರಿಸುತ್ತ ತಮ್ಮ ತಮ್ಮ ಬಾಗಿಲು ಚೊಕ್ಕಟ ಮಾಡಿಕೊಳ್ಳುತ್ತಿದ್ದವು. ಒಂದು ಚಿಪ್ಪಿನ ಬಾಯಲ್ಲಿ ತಾಯಿಯ ಪಕ್ಕ ಎಳ್ಳಿನಂಥ ಮರಿಗಳು ಇಣುಕುತ್ತಿದ್ದವು.

"ಧಣೇರ, ನನ್ನ ಮಗನ ತಪ್ಪು ಹೊಟ್ಟಿಗೆ ಹಾಕ್ಕೊಳ್ರಿ."

"ಅಂಜಬ್ಯಾಡ ಸಂಕವ್ವ. ಮನ್ಯಾಗ ಇರು ಅಂತ ಅವಗ ಹೇಳು. ಮನಿಗಿಂತ ಗಟ್ಟಿ ಜಾಗ ಯಾವುದೈತಿ?" ಎಂದ ಧಣಿ, ಬಲು ಮೆತ್ತಗೆ. ಆಮೇಲೆ ತೊಟ್ಟಿಯತ್ತ ತಿರುಗಿದ. "ಮರಿ ಭಾಳ ಆಗ್ಯಾವ. ಒಂದು ಮನಿ ಕಡಿಮಿ ಮಾಡಬೇಕು."

"ಇಷ್ಟು ಸಣ್ಣವನ್ನ ಹೆಂಗ ಹಿಡೀತೀರಿ?"

"ಹಿಡಿಯೋದು ಎಲ್ಲಿ ಬಂತು? ನೋಡು."

ಧಣಿ ನೀರಿನ ಮೇಲೆ ಕೈ ಚಾಚಿದ. ನೆರಳು ಬಿದ್ದದ್ದೇ ತಡ, ಮೀನುಗಳೆಲ್ಲ ಚಿಪ್ಪಿನೊಳಗೆ ಸೇರಿದವು. ಅವನು ತಾಯಿ ಮರಿಗಳಿದ್ದ ಚಿಪ್ಪನ್ನು ಎತ್ತಿ ಬಕೆಟ್ಟಿಗೆ ಹಾಕಿದ. ಸ್ವಲ್ಪ ಹೊತ್ತಿಗೆ ಉಳಿದವು ಹೊರಬಂದು ಮತ್ತೆ ಮರಳು ಸರಿಸತೊಡಗಿದವು.

ಸಂಕವ್ವ ಓಡಿ ಬಂದವಳೇ ಮಗನನ್ನು ಹೊರಗೆಳೆದು ನಡುಬೀದಿಯಲ್ಲಿ ಕೂರಿಸಿದಳು. "ಒಳಗ ಇರಬ್ಯಾಡ್ರೋ! ಅವ ನಮ್ಮನ್ನ ಹಿಡಿಯಾಂಗಿಲ್ಲ, ಮನಿ ಸಮೇತ ಎತ್ತತಾನ!" ಎಂದು ಕೂಗಿದಳು. ಒಂದು ಬಾಗಿಲು ತೆರೆಯಿತು. ಆಮೇಲೆ ಇನ್ನೊಂದು. ಜನ ಒಬ್ಬೊಬ್ಬರಾಗಿ ಬಂದು ಅವರ ಪಕ್ಕ ಕೂತರು.

ಜನರನ್ನು ಬೆದರಿಸಿ ಒಳಗಟ್ಟಲು ಧಣಿಯ ಆಳುಗಳು ಡೋಲು ಬಡಿಯುತ್ತ ಬಂದರು. ಯಾರೂ ಒಳಗೆ ಓಡಲಿಲ್ಲ. ಬಯಲಲ್ಲಿ ಕೂತವರನ್ನು ಏನು ಮಾಡಬೇಕೆಂದು ತಿಳಿಯದೆ ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಜಾಗ ಖಾಲಿ ಮಾಡಿದರು.

ಜನ ಎದ್ದು ಧಣಿಯ ಮನೆಯತ್ತ ನಡೆದರು. ಅವರ ನೆರಳು ಜಗುಲಿಯ ಮೇಲೆ ಬಿತ್ತು. ಅಲ್ಲಿ ನಿಂತಿದ್ದ ಧಣಿ ಸರಕ್ಕನೆ ಒಳಹೊಕ್ಕು ಬಾಗಿಲು ಹಾಕಿಕೊಂಡ. ಅವನ ಮನೆಗೂ ಬಾಗಿಲು ಒಂದೇ.

"ಅಂಜಬ್ಯಾಡ್ರಿ ಧಣೇರ, ಮನ್ಯಾಗ ಇರ್ರಿ," ಎನ್ನುತ್ತ ಸಂಕವ್ವ ಹೊರಗಿನಿಂದ ಚಿಲಕ ಹಾಕಿದಳು.

ಮರುದಿನ ನೋಡಿದರೆ ಚಿಲಕ ತೆಗೆದಿತ್ತು, ಮನೆ ಖಾಲಿಯಾಗಿತ್ತು. ಜನ ತಮ್ಮ ತಮ್ಮ ಬಾಗಿಲ ಮುಂದೆ ಕಸ ಗುಡಿಸುತ್ತಿದ್ದರು.

ಬರಮಪ್ಪ ನಡುಬೀದಿಗೆ ಬಂದು ನಿಂತ. "ಧಣಿ ಎಲ್ಲಿ?" ಎಂದ.

ಕಸಬರಿಗೆಗಳೆಲ್ಲ ಒಮ್ಮೆಗೇ ನಿಂತವು. ಸಂಕವ್ವ ಸುತ್ತಲಿನ ಮುಖಗಳನ್ನು ನೋಡಿ ಮಗನ ರಟ್ಟೆ ಹಿಡಿದೆಳೆದಳು.

"ಸುಮ್ಮನ ಮನಿಯೊಳಗ ನಡಿ," ಎಂದಳು.